ಚಿತ್ರ ಬರೆಸಿದರೆ ಪಾಠ ಮುಗಿಯುವುದಿಲ್ಲ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರೇ,

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಹತ್ತನೇ ತರಗತಿಯ ಸಂತಾನೋತ್ಪತ್ತಿ ಪಾಠದ ಬಗ್ಗೆ ತಮ್ಮಲ್ಲಿ ಹೇಳಿಕೊಳ್ಳಬೇಕಿದೆ. ಆ ಪಾಠ ಪುಸ್ತಕದಲ್ಲಿದೆ, ಪರೀಕ್ಷೆಯಲ್ಲೂ ಬರುತ್ತದೆ. ನಡುವೆ ತರಗತಿಯಲ್ಲಿ ನಡೆಯಬೇಕಾದದ್ದು ಮಾತ್ರ ಎಷ್ಟೋ ಶಾಲೆಗಳಲ್ಲಿ ನಡೆಯುತ್ತಿಲ್ಲ. ಅಮೀಬಾ ಎರಡಾಗುವುದು, ಹೈಡ್ರಾ ಮೊಗ್ಗೊಡೆಯುವುದು, ಹೂವಿನ ಪರಾಗಸ್ಪರ್ಶ ಎಲ್ಲವೂ ವಿವರವಾಗಿ ಸಾಗುತ್ತವೆ. ಮನುಷ್ಯರ ಭಾಗ ಬಂದ ಕೂಡಲೇ “ಇದನ್ನು ಮನೆಯಲ್ಲೇ ಓದಿಕೊಳ್ಳಿ, ಚಿತ್ರ ಮಾತ್ರ ಚೆನ್ನಾಗಿ ಪ್ರಾಕ್ಟೀಸ್ ಮಾಡಿ” ಎಂದು ಹೇಳಿ ಪುಟ ತಿರುವಲಾಗುತ್ತದೆ. ಮಕ್ಕಳು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಪಡೆಯುತ್ತಾರೆ. ಅದು ತಮ್ಮದೇ ಮೈಯೊಳಗಿನ ಚಿತ್ರ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ವೃಷಣಗಳು ಹೊಟ್ಟೆಯೊಳಗಿಲ್ಲದೆ ಹೊರಗಿನ ಚೀಲದಲ್ಲಿ ಏಕಿವೆ ಎಂದು ಕೇಳಿದರೆ, ವೀರ್ಯಾಣು ತಯಾರಾಗಲು ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖ ಬೇಕು ಎಂದು ಹತ್ತನೇ ತರಗತಿಯ ಎಲ್ಲರೂ ಬರೆಯುತ್ತಾರೆ. ಅಷ್ಟು ಸಾಲದು. ಚೀಲದೊಳಗೆ ವೃಷಣ ತೂಗುವುದು ರಕ್ತನಾಳ, ನರ, ವೀರ್ಯನಾಳಗಳು ಸೇರಿದ ಒಂದು ಹುರಿಯಲ್ಲಿ, ತೊಟ್ಟಿನಲ್ಲಿ ತೂಗುವ ಕಾಯಿಯ ಹಾಗೆ. ಹದಿಹರೆಯದ ಕೆಲವು ಹುಡುಗರಲ್ಲಿ ಆ ಹುರಿ ಇದ್ದಕ್ಕಿದ್ದಂತೆ ತಿರುಚಿಕೊಳ್ಳುತ್ತದೆ. ರಕ್ತ ಹರಿಯುವುದು ನಿಲ್ಲುತ್ತದೆ, ತಡೆಯಲಾರದ ನೋವು, ವಾಂತಿ. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ವೃಷಣ ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಆಸೆ ಕಡಿಮೆ. ಆ ಹುಡುಗನಿಗೆ ನೋವು ಶುರುವಾದದ್ದು ರಾತ್ರಿ ಊಟದ ಹೊತ್ತಿಗೆ. ಹೊಟ್ಟೆನೋವು ಎಂದಷ್ಟೇ ಹೇಳಿ ಮುದುಡಿಕೊಂಡು ಮಲಗಿದ. ಅವ್ವ ಓಂಕಾಳು ಕುದಿಸಿದ ನೀರು ಕುಡಿಸಿದಳು. ನೋವು ಎಲ್ಲಿ ಎಂದು ಅವ್ವನೆದುರು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬೆಳಗ್ಗೆ ಅಪ್ಪನ ಬಳಿ ಹೇಳಿ, ಬಸ್ ಹಿಡಿದು ಆಸ್ಪತ್ರೆ ಮುಟ್ಟುವಾಗ ಮಧ್ಯಾಹ್ನ. ಒಂದು ವೃಷಣವನ್ನು ತೆಗೆಯಬೇಕಾಯಿತು. ಉಳಿದ ಒಂದರಿಂದಲೂ ಮಕ್ಕಳಾಗುತ್ತವೆ ಎಂದು ಡಾಕ್ಟರು ಧೈರ್ಯ ಹೇಳಿ ಕಳಿಸಿದರು. ಅಲ್ಲಿ ನೋವು ಬಂದರೆ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಓಡಬೇಕು ಎಂಬ ಒಂದೇ ಮಾತು ತರಗತಿಯಲ್ಲಿ ಅವನ ಕಿವಿಗೆ ಬಿದ್ದಿದ್ದರೆ ಸಾಕಿತ್ತು.

ಇನ್ನು ಹುಡುಗಿಯರ ವಿಷಯ. ಮೂತ್ರ ಬರುವ ದಾರಿ, ಮುಟ್ಟಿನ ರಕ್ತ ಬರುವ ದಾರಿ ಒಂದೇನಾ, ಬೇರೆಬೇರೆನಾ ಎಂದು ನಾನು ಪ್ರತಿವರ್ಷ ಕೇಳುತ್ತೇನೆ. ಹೆಚ್ಚಿನವರ ಉತ್ತರ ಒಂದೇ ಎಂದು. ಅವರನ್ನು ದೂರುವ ಹಾಗಿಲ್ಲ. ಪುಸ್ತಕದಲ್ಲಿರುವುದು ಎದುರಿನಿಂದ ಕಾಣುವ ಒಳಅಂಗಗಳ ಚಿತ್ರ: ಎರಡು ಅಂಡಾಶಯ, ಎರಡು ಅಂಡನಾಳ, ಗರ್ಭಕೋಶ, ಅದರ ಕಂಠ, ಕೆಳಗೆ ಯೋನಿ. ಚಿತ್ರ ಅಲ್ಲಿಗೆ ನಿಲ್ಲುತ್ತದೆ. ಮುಂದೆ ಮೂತ್ರದ್ವಾರ, ನಡುವೆ ಯೋನಿದ್ವಾರ, ಹಿಂದೆ ಗುದದ್ವಾರ, ಹೀಗೆ ಮೂರೂ ಬೇರೆ ಎಂದು ತೋರಿಸುವ ಹೊರಭಾಗದ ಚಿತ್ರ ಪುಸ್ತಕದಲ್ಲಿಲ್ಲ. ಹೆಣ್ಣುಮಕ್ಕಳ ಮೂತ್ರವಿಸರ್ಜನಾ ನಾಳದ ಉದ್ದ ಸುಮಾರು 4 ಸೆಂಟಿಮೀಟರ್ ಮಾತ್ರ, ಆದ್ದರಿಂದ ಸೋಂಕು ಒಳಗೆ ಹೋಗುವುದು ಸುಲಭ. ತೊಳೆಯುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು ಎಂಬುದರ ಕಾರಣ ಇಷ್ಟೇ. ಉರಿಮೂತ್ರ ಎಂದು ಶಾಲೆಗೆ ಬಾರದೆ ಉಳಿಯುವ ಹುಡುಗಿಯರಿಗೆ ಇದನ್ನು ಹೇಳುವವರಿಲ್ಲ. ಕನ್ಯಾಪೊರೆಯ ಹೆಸರಿನಲ್ಲಿ ಮನೆಗಳಲ್ಲಿ ನಡೆಯುವ ಅನುಮಾನಗಳಿಗೂ ಉತ್ತರ ಇದೇ ಪಾಠದಲ್ಲಿ ಸಿಗಬೇಕಿತ್ತು. ಅದರ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಅದನ್ನು ನೋಡಿ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ. ಅತ್ಯಾಚಾರ ಸಂತ್ರಸ್ತೆಯರಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆಗೆ ವಿಜ್ಞಾನದ ಆಧಾರವೇ ಇಲ್ಲ, ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ಪಾಠ ಬರುವ ಹೊತ್ತೂ ಸರಿಯಿಲ್ಲ. ಎಷ್ಟೋ ಹುಡುಗಿಯರು ಆರನೇ, ಏಳನೇ ತರಗತಿಯಲ್ಲೇ ಮೈನೆರೆಯುತ್ತಾರೆ. ಸರ್ಕಾರದ ‘ಶುಚಿ’ ಯೋಜನೆಯ ಪ್ಯಾಡು ಕೈಗೆ ಬರುತ್ತದೆ, ಅದು ಏಕೆ ಬೇಕು ಎಂಬ ವಿವರಣೆ ಹಿಂದೆಯೇ ಬರುವುದಿಲ್ಲ. ಗರ್ಭಕೋಶದ ಒಳಪದರ ಪ್ರತಿ ತಿಂಗಳೂ ಮಗುವಿಗಾಗಿ ದಪ್ಪವಾಗಿ, ಗರ್ಭ ನಿಲ್ಲದಿದ್ದಾಗ ಕಳಚಿ ಹೊರಬರುವುದೇ ಮುಟ್ಟು. ಅದರಲ್ಲಿ ಕೆಟ್ಟ ರಕ್ತ ಎಂಬುದಿಲ್ಲ. ಮೊದಲ ಒಂದೆರಡು ವರ್ಷ ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗದ ಕಾರಣ 45 ದಿನಕ್ಕೊಮ್ಮೆ ಮುಟ್ಟಾದರೂ ಹೆದರಬೇಕಿಲ್ಲ. ಒಂದು ವಾರ ದಾಟಿದರೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡು ನೆನೆಯುತ್ತಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಹೇಳಲು ಒಂದು ಪೀರಿಯಡ್ ಸಾಕು.

ಹುಡುಗರ ಭಯ ಬೇರೆ ಬಗೆಯದು. ಬಸ್ ನಿಲ್ದಾಣದ ಹಿಂದಿನ ಗೋಡೆಗಳಲ್ಲಿ ‘ಗುಪ್ತರೋಗ’, ‘ಧಾತುನಷ್ಟ’ ಎಂದು ಬರೆದು ಫೋನ್ ನಂಬರ್ ಕೊಟ್ಟವರು ಆ ಭಯದ ಮೇಲೆಯೇ ಬದುಕುತ್ತಿದ್ದಾರೆ. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದರೆ ರಕ್ತವೇ ಹೋಯಿತು, ಇನ್ನು ಶಕ್ತಿ ಬರುವುದಿಲ್ಲ ಎಂದು ನಂಬಿ ಓದಿನಲ್ಲಿ ಕುಸಿದ ಹುಡುಗರಿದ್ದಾರೆ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಬೇಕು. ಆಮೇಲೆ ಅದು ಬಲಿಯುವುದು ವೃಷಣಕ್ಕೆ ಅಂಟಿಕೊಂಡೇ ಸುತ್ತಿಟ್ಟಿರುವ ಒಂದು ನಾಳದಲ್ಲಿ. ಬಿಡಿಸಿ ಚಾಚಿದರೆ ಆ ನಾಳ ಸುಮಾರು 6 ಮೀಟರ್ ಉದ್ದ. ಈ ತಯಾರಿ ಹದಿಹರೆಯದಿಂದ ಮುಪ್ಪಿನವರೆಗೆ ಎಡೆಬಿಡದೆ ನಡೆಯುತ್ತದೆ. ಹೊರಹೋದದ್ದು ನಷ್ಟವಲ್ಲ ಎಂದು ವಿಜ್ಞಾನದ ಮೇಷ್ಟ್ರೇ ಹೇಳಿದರೆ ಗೋಡೆ ಬರಹದ ಮುಂದೆ ಹುಡುಗರು ನಿಲ್ಲುವುದಿಲ್ಲ.

ಇದೇ ಪಾಠದಲ್ಲಿ ಎಕ್ಸ್, ವೈ ವರ್ಣತಂತುಗಳ ಮಾತೂ ಬರಬೇಕು. ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ಗಂಡೋ ಹೆಣ್ಣೋ ಎಂಬುದು ಅಪ್ಪನ ವೀರ್ಯಾಣು ಎಕ್ಸ್ ತಂದಿತೋ ವೈ ತಂದಿತೋ ಎಂಬುದರ ಮೇಲೆ ನಿಂತಿದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ತವರಿಗೆ ಅಟ್ಟುವ ಮನೆಗಳು ನಮ್ಮ ನಡುವೆ ಇನ್ನೂ ಇವೆ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ತಮಗೆ ತಿಳಿದೇ ಇದೆ. ಒಂದು ಪಾಠದಿಂದ ಆ ಪಾಪ ನಿಲ್ಲುತ್ತದೆ ಎಂದು ನಾನು ಹೇಳಲಾರೆ. ಆದರೆ ಮಕ್ಕಳಾಗದಿದ್ದರೂ, ಹೆಣ್ಣೇ ಆದರೂ ತಪ್ಪು ಹೆಂಗಸಿನದೇ ಎಂಬ ಮಾತನ್ನು ಹದಿನೈದು ವರ್ಷದ ಹುಡುಗ ಅಲ್ಲಗಳೆಯಲು ಅವನ ಕೈಯಲ್ಲಿ ಬೇರೇನಿದೆ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ತೊಂದರೆಯೂ ಕಾರಣವಾಗಿರುತ್ತದೆ.

ಹಾಗಾದರೆ ಶಿಕ್ಷಕರು ಏಕೆ ಈ ಪುಟ ದಾಟಿಸುತ್ತಾರೆ? ವಿಷಯ ಗೊತ್ತಿಲ್ಲದೆ ಅಲ್ಲ. ಕಲಿಸಿದರೆ ತಮ್ಮ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ ಎಂದು ಗೊತ್ತಿರುವುದರಿಂದ. ಒಬ್ಬ ಪೋಷಕರು ಬಂದು ಕೂಗಾಡಿದರೆ ಸಾಕು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಸಭೆಯಲ್ಲಿ ಅದೇ ಚರ್ಚೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದೇ ಸುದ್ದಿ. “ನಿಮಗೆ ಯಾಕೆ ಬೇಕಿತ್ತು ಮೇಡಂ” ಎಂದು ಮೊದಲು ಕೇಳುವವರು ಮುಖ್ಯ ಶಿಕ್ಷಕರೇ. ಹುಡುಗಿಯರಿಗೆ ಕಲಿಸುವ ಗಂಡು ಮೇಷ್ಟ್ರ ಪಾಡಂತೂ ಕೇಳುವುದೇ ಬೇಡ. ಇಲಾಖೆಯ ನಡೆಯೂ ಈ ಹೆದರಿಕೆಯನ್ನು ಬೆಳೆಸಿದೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ದೇಶದಲ್ಲಿ ವಿರೋಧ ಎದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಇನ್ನೊಂದೆಡೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಬಗ್ಗೆ ಒಂಬತ್ತನೇ ತರಗತಿಯಿಂದಲೇ ತಿಳಿಸಿಕೊಡಿ ಎಂದು ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ನಿರ್ದೇಶನ ಕೊಟ್ಟಿತು. ತನ್ನ ದೇಹದ ಭಾಗಗಳ ಹೆಸರನ್ನೇ ಬಾಯಿಬಿಟ್ಟು ಹೇಳಲು ಕಲಿಯದ ಮಗು ಯಾರು ಎಲ್ಲಿ ಮುಟ್ಟಿದರು ಎಂದು ದೂರು ಕೊಡುವುದು ಹೇಗೆ?

ಎಂಟರಿಂದ ಹನ್ನೆರಡನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ 2025ರಲ್ಲಿ ಸರ್ಕಾರ ಹೇಳಿತು. ಸಂತೋಷ. ಅದಕ್ಕಾಗಿ ವೈದ್ಯರು ಶಾಲೆಗೆ ಬಂದು ಮಾತಾಡುವುದೂ ಒಳ್ಳೆಯದೇ. ಆದರೆ ವೈದ್ಯರು ಬಂದು ಹೋಗುತ್ತಾರೆ. ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು “ಮಿಸ್, ಒಂದು ಮಾತು ಕೇಳಲಾ” ಎನ್ನುವ ಹುಡುಗಿಗೆ ಉತ್ತರ ಕೊಡಬೇಕಾದವರು ನಾವು.

ಆದ್ದರಿಂದ ತಮ್ಮನ್ನು ಕೇಳುವುದು ಹಣವನ್ನಲ್ಲ, ಹೊಸ ಯೋಜನೆಯನ್ನೂ ಅಲ್ಲ. ಈ ಪಾಠವನ್ನು ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಪೂರ್ತಿಯಾಗಿ ಕಲಿಸಬೇಕು, ಹಾಗೆ ಕಲಿಸಿದ ಶಿಕ್ಷಕರ ಮೇಲೆ ದೂರು ಬಂದರೆ ಇಲಾಖೆಯೇ ಉತ್ತರ ಕೊಡುತ್ತದೆ ಎಂದು ತಮ್ಮ ಇಲಾಖೆಯ ಹೆಸರಿನಲ್ಲಿ ಒಂದು ಸುತ್ತೋಲೆ ಹೊರಡಿಸಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ ನಡೆಯುವ ತರಬೇತಿಯಲ್ಲಿ ಈ ಪಾಠಕ್ಕೆ ಒಂದು ದಿನ ಕೊಡಿಸಿ. ಮುಟ್ಟಿನ ವಿವರಣೆಯನ್ನು ಆರನೇ ತರಗತಿಗೆ ತನ್ನಿ. ಪುಸ್ತಕದಲ್ಲಿ ಇಲ್ಲದ ಆ ಒಂದು ಹೊರಭಾಗದ ಚಿತ್ರವನ್ನು ಸೇರಿಸಿ. ಮೇ ತಿಂಗಳ ಕೊನೆಗೆ ಶಾಲೆಗಳು ತೆರೆಯುವ ಮೊದಲೇ ಸುತ್ತೋಲೆ ನಮ್ಮ ಕೈಸೇರಲಿ. ಕಲಿಸಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕಿ