ಬಯಲಿಗೆ ಬೀಗ ಬೇಡ

ಹೊಲವಿದ್ದವನಿಗೆ ಹೊಲವಿದೆ, ಅಂಗಡಿಯಿದ್ದವನಿಗೆ ಕಟ್ಟೆಯಿದೆ, ಬಂಗಲೆಯಿದ್ದವನಿಗೆ ಅಂಗಳವಿದೆ. ಇವು ಯಾವುವೂ ಇಲ್ಲದವನಿಗೆ ಊರಿನಲ್ಲಿರುವ ಆಸ್ತಿ ಒಂದೇ. ಅದು ಊರ ಬಯಲು. ಹಾವೇರಿಯ ಮುನಿಸಿಪಲ್ ಹೈಸ್ಕೂಲ್ ಮೈದಾನವಿರಲಿ, ರಾಣೆಬೆನ್ನೂರಿನ ಮುನಿಸಿಪಲ್ ಮೈದಾನವಿರಲಿ, ಅಲ್ಲಿ ಕಾಲಿಡುವ ಹುಡುಗನ ಜಾತಿ ಯಾವುದು, ಅವನ ತಂದೆಯ ಪಗಾರವೆಷ್ಟು ಎಂದು ಯಾರೂ ಕೇಳಬೇಕಾಗಿಲ್ಲ. ಕಬಡ್ಡಿಗೆ, ಖೋ ಖೋಕ್ಕೆ, ಸಭೆಗೆ, ಸಮಾರಂಭಕ್ಕೆ, ಪಾಳಿ ಮುಗಿಸಿ ಬಂದ ಗಿರಣಿಯ ಕೆಲಸಗಾರ ನಾಲ್ಕು ಮಂದಿ ಸಂಗಾತಿಗಳೊಡನೆ ಕುಳಿತು ಮಾತಾಡುವುದಕ್ಕೆ, ಎಲ್ಲಕ್ಕೂ ಅದೇ ನೆಲ. ಇಂಥ ನೆಲವನ್ನು ಒಂದು ಕ್ಲಬ್ಬಿಗೆ ತರಬೇತಿಯ ಮೈದಾನವೆಂದು ಕರಾರು ಮಾಡಿ ಬರೆದುಕೊಡಬಹುದೆ? ಬೇರೆ ಬೇರೆ ಊರುಗಳ ಜನರು ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ನಮ್ಮ ಮೂರು ಪಟ್ಟಣಗಳ ಜನರು ಅದು ಮನೆಬಾಗಿಲಿಗೆ ಬರುವ ಮೊದಲೇ ಯೋಚಿಸಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇವೆ.

ನಾವು ಆಟದ ವೈರಿಗಳೆಂದು ಯಾರೂ ತಿಳಿಯಬಾರದು. ಫುಟ್‌ಬಾಲಿನಷ್ಟು ಬಡವರ ಆಟ ಇನ್ನೊಂದಿಲ್ಲ. ಒಂದು ಚೆಂಡು, ಒಂದು ಬಯಲು, ಎರಡು ಕಲ್ಲು ಇಟ್ಟರೆ ಗೋಲು. ಇಂದು ಜಗತ್ತಿನಲ್ಲೆಲ್ಲ ಹೆಸರಾದ ಇಂಗ್ಲಂಡಿನ ಕ್ಲಬ್ಬುಗಳಲ್ಲಿ ಹಲವನ್ನು ಕಟ್ಟಿದವರು ಕಾರ್ಮಿಕರೇ. ೧೮೭೮ರಲ್ಲಿ ಮ್ಯಾಂಚೆಸ್ಟರಿನ ರೈಲ್ವೆ ಕೆಲಸಗಾರರು ಕಟ್ಟಿದ ತಂಡವೇ ಇಂದಿನ ಮ್ಯಾಂಚೆಸ್ಟರ್ ಯುನೈಟೆಡ್. ೧೮೮೬ರಲ್ಲಿ ಲಂಡನ್ನಿನ ವುಲಿಚ್‌ನಲ್ಲಿದ್ದ ಮದ್ದುಗುಂಡಿನ ಕಾರಖಾನೆಯವರು ಕಟ್ಟಿದ್ದು ಆರ್ಸೆನಲ್. ೧೮೯೫ರಲ್ಲಿ ಥೇಮ್ಸ್ ದಂಡೆಯ ಹಡಗು ಕಾರಖಾನೆಯವರು ಕಟ್ಟಿದ ತಂಡ ಮುಂದೆ ವೆಸ್ಟ್ ಹ್ಯಾಮ್ ಆಯಿತು. ಆದರೆ ತಂಡಗಳು ಬೆಳೆದು ಕಂಪನಿಗಳಾದವು, ಕಂಪನಿಗಳು ಕೋಟ್ಯಧೀಶರ ಕೈಸೇರಿದವು. ಕಡೆಗೆ, ಕೂಲಿಕಾರ ಕಟ್ಟಿದ ಆಟವೇ ಕೂಲಿಕಾರನ ಮಗು ಆಡುವ ಬಯಲನ್ನು ಕೇಳಿಕೊಂಡು ಬರುವ ಕಾಲ ಬಂದಿತು.

ಲಂಡನ್ ಪಟ್ಟಣದ ಪಶ್ಚಿಮಕ್ಕೆ ಸೌತಾಲ್ ಎಂಬ ಭಾಗವಿದೆ. ೧೯೫೦ರ ದಶಕದಲ್ಲಿ ರಬ್ಬರ್ ಕಾರಖಾನೆಯ ದುಡಿಮೆಗೆಂದು ಹೋದ ಪಂಜಾಬಿನ ಜನ ಬೇರೂರಿದ ಸ್ಥಳ ಅದು. ಅದರ ಮಗ್ಗುಲಲ್ಲಿ ವಾರೆನ್ ಫಾರ್ಮ್ ಎಂಬ ೬೧ ಎಕರೆ ಬಯಲು. ಹಿಂದೆ ಶಾಲೆಯ ಮಕ್ಕಳು ಆಡುತ್ತಿದ್ದ ಮೈದಾನ, ಈಲಿಂಗ್ ಕೌನ್ಸಿಲ್ ಎಂಬ ಅಲ್ಲಿಯ ಸ್ಥಳೀಯ ಸಂಸ್ಥೆಯ ಒಡೆತನದ್ದು. ೨೦೧೩ರ ಸುಮಾರಿಗೆ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬು ತನ್ನ ತರಬೇತಿ ಮೈದಾನಕ್ಕೆ ಈ ಬಯಲು ಬೇಕೆಂದಿತು. ಆ ಕ್ಲಬ್ಬಿನಲ್ಲಿ ಉಕ್ಕಿನ ಧಣಿ ಲಕ್ಷ್ಮೀ ಮಿತ್ತಲ್ ಅವರ ಕುಟುಂಬದ ಪಾಲೂ ಇತ್ತು. ಕೌನ್ಸಿಲ್ ಒಪ್ಪಿತು. ಎಷ್ಟು ವರ್ಷಕ್ಕೆ? ಇನ್ನೂರು ವರ್ಷಗಳ ಗೇಣಿಗೆ!

ಇನ್ನೂರು ವರ್ಷವೆಂದರೆ ಎಷ್ಟು ಕಾಲ ಎಂಬುದನ್ನು ಓದುಗರು ಲೆಕ್ಕ ಹಾಕಿ ನೋಡಬೇಕು. ಕಿತ್ತೂರಿನ ಚೆನ್ನಮ್ಮ ರಾಣಿ ಥ್ಯಾಕರೆಯ ದಂಡಿನೊಡನೆ ಕಾದಾಡಿದ್ದು ೧೮೨೪ರಲ್ಲಿ. ಅಂದಿನಿಂದ ಇಂದಿನವರೆಗೆ ಸಂದಷ್ಟು ಕಾಲ. ಆ ನಡುವೆ ಇಂಗ್ಲಿಷರು ಆಳಿ ಹೋದರು, ಸ್ವಾತಂತ್ರ್ಯ ಬಂದಿತು, ಕರ್ನಾಟಕ ಒಂದಾಯಿತು, ೧೯೯೭ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. ಅಷ್ಟು ಕಾಲದ ಮಕ್ಕಳ ಹಕ್ಕನ್ನು ನಾಲ್ಕು ವರ್ಷಕ್ಕೆ ಒಮ್ಮೆ ಆರಿಸಿಬರುವ ಸದಸ್ಯರು ಒಂದು ಕೂಟದಲ್ಲಿ ಕೈಯೆತ್ತಿ ಬರೆದುಕೊಡಲು ಬರುತ್ತದೆಯೆ?

ಅಲ್ಲಿಯ ನಿವಾಸಿಗಳು ಇದೇ ಪ್ರಶ್ನೆ ಹಾಕಿದರು. ವಾರೆನ್ ಫಾರ್ಮ್ ಉಳಿಸಿರೆಂದು ಸಂಘಟಿತರಾದರು, ನ್ಯಾಯಾಲಯಕ್ಕೂ ಹೋದರು. ನ್ಯಾಯಾಲಯದಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಆದರೂ ಕೈಚೆಲ್ಲಲಿಲ್ಲ. ವರ್ಷಗಳು ಉರುಳಿದವು. ಮನುಷ್ಯರ ಜಗಳದ ನಡುವೆ ಹುಲ್ಲು ತನ್ನ ಪಾಡಿಗೆ ತಾನು ಬೆಳೆಯಿತು, ನೆಲದ ಮೇಲೆಯೇ ಗೂಡು ಕಟ್ಟುವ ಸ್ಕೈಲಾರ್ಕ್ ಹಕ್ಕಿಗಳು ಬಂದು ನೆಲೆಸಿದವು. ೨೦೨೦ರಲ್ಲಿ ಒಪ್ಪಂದ ಮುರಿದು ಬಿತ್ತು. ಕ್ಲಬ್ಬು ಹೆಸ್ಟನ್ ಎಂಬಲ್ಲಿ ಬೇರೆ ಮೈದಾನ ಕೊಂಡು ತನ್ನ ತರಬೇತಿ ಕೇಂದ್ರವನ್ನು ಕಟ್ಟಿಕೊಂಡಿತು. ಅದೇ ಕೌನ್ಸಿಲ್ ಮುಂದೆ ಆ ಬಯಲನ್ನು ನಿಸರ್ಗಧಾಮ ಮಾಡುವ ಹಾದಿ ಹಿಡಿಯಿತು. ಹಾಗಾದರೆ ಕ್ಲಬ್ಬಿಗೆ ಬೇರೆ ನೆಲ ಸಿಗುವಂತಿತ್ತು, ಜನರಿಗೆ ಮಾತ್ರ ಬೇರೆ ಬಯಲು ಸಿಗುವಂತಿರಲಿಲ್ಲ ಎಂದಾಯಿತಲ್ಲವೆ?

ಎಲ್ಲ ಕಡೆಯೂ ಹೀಗೆ ಒಳ್ಳೆಯದಾಗಿಲ್ಲ. ಅದೇ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ವೈಟ್‌ವೆಬ್ಸ್ ಉದ್ಯಾನದ ಒಂದು ಭಾಗವನ್ನು ಟಾಟನ್‌ಹ್ಯಾಮ್ ಕ್ಲಬ್ಬಿಗೆ ೨೫ ವರ್ಷದ ಗೇಣಿಗೆ ಕೊಡುವುದನ್ನು ವಿರೋಧಿಸಿದ ನಿವಾಸಿಗಳು ನ್ಯಾಯಾಲಯದಲ್ಲಿ ಸೋತರು. ಇನ್ನೊಂದು ಮಾತನ್ನೂ ನಾವು ಮುಚ್ಚಿಡಬಾರದು. ಈಲಿಂಗ್‌ನಲ್ಲಿಯೂ ಎನ್‌ಫೀಲ್ಡ್‌ನಲ್ಲಿಯೂ ಅಧಿಕಾರದಲ್ಲಿದ್ದುದು ಶ್ರಮಿಕರ ಹೆಸರು ಹೊತ್ತ ಲೇಬರ್ ಪಕ್ಷವೇ. ಆದುದರಿಂದ ಯಾವ ಪಕ್ಷದವರು ಕುರ್ಚಿಯ ಮೇಲಿದ್ದಾರೆ ಎಂಬುದನ್ನು ನೋಡಿ ಜನರು ನಿದ್ದೆ ಮಾಡುವಂತಿಲ್ಲ. ನಮ್ಮವರೇ ಕುಳಿತಿದ್ದರೂ ಎಚ್ಚರ ಬೇಕು.

ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ಸರಕಾರದ ಹಣದಿಂದ ಕಟ್ಟಲಾಗಿದೆ. ೧೯೯೭ರ ರಾಷ್ಟ್ರೀಯ ಕ್ರೀಡೆಗಳು ನಡೆದದ್ದು ಅಲ್ಲಿಯೇ. ಜೆ.ಎಸ್.ಡಬ್ಲ್ಯು. ಉಕ್ಕಿನ ಕಂಪನಿಯವರು ೨೦೧೩ರಲ್ಲಿ ಕಟ್ಟಿದ ಬೆಂಗಳೂರು ಎಫ್.ಸಿ. ತಂಡ ೨೦೧೪ರಿಂದ ಅಲ್ಲಿ ಪಂದ್ಯಗಳನ್ನು ಆಡತೊಡಗಿತು. ಓಟಗಾರರೂ ಎಸೆತಗಾರರೂ ಅವರ ತರಬೇತುದಾರರೂ ತಮ್ಮ ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆಯೆಂದು ದೂರಿದರು. ಪ್ರಕರಣ ಹೈಕೋರ್ಟಿನವರೆಗೆ ಹೋಯಿತು. ತಂಡ ಚೆನ್ನಾಗಿ ಆಡಿತು, ಕನ್ನಡಿಗರಿಗೆ ಸಂತೋಷ ತಂದಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಕಂಪನಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ತನ್ನ ವಿಜಯನಗರ ನೆಲೆಯಲ್ಲಿ ೨೦೧೮ರಲ್ಲಿ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯನ್ನು ತೆರೆಯಿತು. ಅದು ಮೆಚ್ಚತಕ್ಕ ಕೆಲಸ. ಧಣಿಗಳಿಗೆ ಮನಸ್ಸಿದ್ದರೆ ತಮ್ಮ ನೆಲದಲ್ಲಿಯೇ ಮೈದಾನ ಕಟ್ಟಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಏಕೆ?

ಇದು ದೂರದ ಊರುಗಳ ಮಾತು, ನಮಗೇಕೆ ಎನ್ನುವವರು ನಮ್ಮ ಜಿಲ್ಲೆಯ ಇತಿಹಾಸವನ್ನು ಒಮ್ಮೆ ನೆನೆಯಬೇಕು. ಇಲ್ಲಿ ಕೇಳಿದ್ದು ಫುಟ್‌ಬಾಲ್ ಕ್ಲಬ್ಬಲ್ಲ, ನಾರಿನ ಗಿರಣಿ. ೧೯೮೪ರಲ್ಲಿ ರಾಜ್ಯ ಸರಕಾರವೂ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಮಾಡಿದವು. ಗಿರಣಿಗೆ ನೀಲಗಿರಿ ಬೆಳೆಯಲು ಹಲವು ಜಿಲ್ಲೆಗಳ ಸುಮಾರು ೭೫,೦೦೦ ಎಕರೆ ನೆಲವನ್ನು ಅದಕ್ಕೆ ಒಪ್ಪಿಸುವ ಯೋಜನೆ. ಕಾಗದದಲ್ಲಿ ಅದು ಸರಕಾರದ ನೆಲ. ಆದರೆ ಹಳ್ಳಿಯವರ ದನ ಮೇಯುತ್ತಿದ್ದುದು ಅಲ್ಲಿ, ಒಲೆಗೆ ಪುಳ್ಳೆ ಬರುತ್ತಿದ್ದುದು ಅಲ್ಲಿಂದ, ಬೇಲಿಗೆ ಮುಳ್ಳು ತರುತ್ತಿದ್ದುದು ಅಲ್ಲಿಂದ. "ಪಡ ಭೂಮಿ, ಯಾರಿಗೂ ಉಪಯೋಗವಿಲ್ಲ" ಎಂದು ಸರಕಾರ ಯಾವುದನ್ನು ಕರೆಯಿತೋ ಅದು ಬಡವರ ಪಾಲಿಗೆ ಉಗ್ರಾಣವಾಗಿತ್ತು.

ಜನ ಎದ್ದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮುಂದೆ ಬಂದಿತು, ಡಾ. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ೧೯೮೭ರ ಮಾರ್ಚಿಯಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ ೧೪ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ಕಂಪನಿಯ ನೀಲಗಿರಿ ಸಸಿಗಳನ್ನು ಕಿತ್ತರು, ಅದೇ ಜಾಗದಲ್ಲಿ ತಮಗೆ ಉಪಯೋಗದ ಗಿಡಗಳನ್ನು ಹಚ್ಚಿದರು. "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. ೧೯೯೧ರಲ್ಲಿ ಸರಕಾರ ಆ ಕಂಪನಿಯನ್ನು ಮುಚ್ಚಬೇಕಾಯಿತು.

ಗಿರಣಿಯ ಕಾರ್ಮಿಕ ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಯಲನ್ನು ಕೇಳುವವರೆಲ್ಲ ನಿಮ್ಮ ಹೊಟ್ಟೆಯ ಹೆಸರು ಹೇಳುತ್ತಾರೆ. ನೆಲ ಕೊಡದಿದ್ದರೆ ಕೆಲಸ ಹೋದೀತೆಂದು ಹೆದರಿಸುತ್ತಾರೆ, ಹಳ್ಳಿಯವನಿಗೂ ನಿಮಗೂ ಜಗಳ ಹಚ್ಚುತ್ತಾರೆ. ೧೯೯೧ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಕುಮಾರಪಟ್ಟಣದ ಗಿರಣಿ ಮುಚ್ಚಲಿಲ್ಲ. ಅದರ ಪಾಳಿಯ ಕೂಗು ಆಮೇಲೆಯೂ ಕೇಳುತ್ತಲೇ ಬಂದಿದೆ.

ಈಗ ಎದುರು ಪಕ್ಷದ ವಾದಗಳನ್ನು ನೋಡೋಣ. ಮೊದಲನೆಯದು: ಮುನಿಸಿಪಾಲಿಟಿಯಲ್ಲಿ ಹಣವಿಲ್ಲ, ಮೈದಾನ ಹಾಳು ಬಿದ್ದಿದೆ, ಕ್ಲಬ್ಬಿನವರು ಸುಧಾರಿಸುತ್ತಾರೆ. ಮೈದಾನ ಹಾಳು ಬಿದ್ದದ್ದು ಯಾರಿಂದ? ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಧೂಳು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವಿಲ್ಲ, ದೀಪವಿಲ್ಲ, ಮೂಲೆಯಲ್ಲಿ ಕಸ ಎಂದು ಜನ ಅರ್ಜಿ ಕೊಟ್ಟಾಗ ಕಿವಿಗೊಡದವರೇ, ಕೊನೆಗೆ ಆ ಹಾಳನ್ನು ತೋರಿಸಿ ನೆಲವನ್ನು ಕೊಡುತ್ತೇವೆನ್ನುವುದು ಎತ್ತಿಗೆ ಮೇವು ಹಾಕದೆ ಬಡಕಲು ಮಾಡಿ ಆಮೇಲೆ ಕಟುಕನಿಗೆ ಹೊಡೆದ ಹಾಗೆ.

ಎರಡನೆಯದು ವ್ಯಾಪಾರಿಗಳಿಗೆ ತೋರಿಸುವ ಆಸೆ. ಕ್ಲಬ್ಬು ಬಂದರೆ ಜನ ಬರುತ್ತಾರೆ, ಅಂಗಡಿ ನಡೆಯುತ್ತವೆ ಎಂದು. ಪಂದ್ಯ ಬೇರೆ, ತರಬೇತಿ ಬೇರೆ ಎಂಬುದನ್ನು ಮರೆಯಬೇಡಿ. ತರಬೇತಿಯ ಮೈದಾನಕ್ಕೆ ಗೋಡೆ, ಗೇಟು, ಕಾವಲುಗಾರ. ಆಟಗಾರರು ಮೋಟಾರಿನಲ್ಲಿ ಒಳಗೆ ಹೋಗುತ್ತಾರೆ, ಮೋಟಾರಿನಲ್ಲಿ ಹೊರಗೆ ಬರುತ್ತಾರೆ. ಊರ ಜಾತ್ರೆ, ಸಭೆ, ಶಾಲೆಗಳ ಪಂದ್ಯಾಟ ಇವುಗಳಿಗೆ ಸೇರುವ ಜನರಿಂದಲೇ ಮಿರ್ಚಿ ಗಿರಮಿಟ್ಟಿನ ಗಾಡಿ, ಚಹದ ಅಂಗಡಿ, ಸೋಡಾ ಮಾರುವವನು ನಾಲ್ಕು ಕಾಸು ಕಾಣುತ್ತಾರೆ. ಬಯಲು ಮುಚ್ಚಿದರೆ ಮೊದಲು ನಷ್ಟವಾಗುವುದು ಚಿಕ್ಕ ವ್ಯಾಪಾರಿಗೇ.

ಮೂರನೆಯದು: ನಮ್ಮ ಹುಡುಗರಿಗೂ ಅವಕಾಶ ಸಿಗುತ್ತದೆ. ಸಿಗಬಹುದು, ಆರಿಸಿದ ಕೆಲವರಿಗೆ. ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲನ ಮಗ ಬೂಟು ಕೊಂಡು, ಫೀ ತುಂಬಿ ಆ ಗೇಟಿನೊಳಗೆ ಹೋಗುವನೆ? ಆರಿಸಲ್ಪಡದ ನೂರು ಹುಡುಗರು ಎಲ್ಲಿ ಆಡಬೇಕು? ಬಯಲಿನಲ್ಲಿ ನೂರು ಜನ ಆಡಿದರೆ ತಾನೇ ಅವರಲ್ಲಿ ಒಬ್ಬ ಒಳ್ಳೆಯ ಆಟಗಾರ ತಯಾರಾಗುವುದು?

ಕಾನೂನು ನಮ್ಮ ಪಕ್ಷಕ್ಕಿದೆಯೆ? ಅರ್ಧ ಇದೆ. ೧೯೮೫ರಲ್ಲಿ ಕರ್ನಾಟಕವು ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ರಕ್ಷಣೆಗೆ ಒಂದು ಕಾಯದೆ ಮಾಡಿದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು, ಅವುಗಳನ್ನು ಬೇರೆ ಉಪಯೋಗಕ್ಕೆ ತಿರುಗಿಸಬಾರದು ಎಂಬುದು ಅದರ ಉದ್ದೇಶ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಟ್ಟಾಗ ನಿವಾಸಿಗಳು ಹೋರಾಡಿದರು. ೧೯೯೧ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪಿತ್ತಿತು, ಇಂಥ ವಿಷಯದಲ್ಲಿ ಕೇಳುವ ಹಕ್ಕು ಅವರಿಗಿದೆಯೆಂದು ಎತ್ತಿ ಹಿಡಿಯಿತು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮೈದಾನದಲ್ಲಿ ಆಸ್ಪತ್ರೆ ಕಟ್ಟಿದರೆ ಉಪಯೋಗ ಬದಲಾಯಿತೆಂದು ಕಾನೂನು ಹಿಡಿಯಬಹುದು. ಆಟದ ಹೆಸರಿನಲ್ಲಿಯೇ ಬೇಲಿ ಹಾಕಿದರೆ, "ಮೈದಾನ ಮೈದಾನವಾಗಿಯೇ ಇದೆಯಲ್ಲ" ಎಂದು ವಕೀಲರು ವಾದಿಸುತ್ತಾರೆ. ಆಟ ಉಳಿಯಿತು, ಆಡುವವರು ಬದಲಾದರು! ಆದುದರಿಂದ ಕೋರ್ಟಿನ ಮೇಲೆಯೇ ಭಾರ ಹಾಕಿ ಕೂಡ್ರಬಾರದು. ನಮ್ಮ ನಗರಸಭೆ ಪುರಸಭೆಗಳ ಠರಾವಿನ ಪುಸ್ತಕದಲ್ಲಿಯೇ ಇದನ್ನು ಬರೆಯಿಸಬೇಕು.

ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳನ್ನೂ ಬ್ಯಾಡಗಿಯ ಪುರಸಭೆಯನ್ನೂ ನಾವು ಇಷ್ಟನ್ನು ಕೇಳುತ್ತೇವೆ. ಊರಿನ ಎಲ್ಲ ಮೈದಾನ, ಉದ್ಯಾನ, ಬಯಲುಗಳ ಪಟ್ಟಿಯನ್ನು ಸರ್ವೆ ನಂಬರಿನೊಡನೆ, ಅಳತೆಯೊಡನೆ ಕಚೇರಿಯ ಫಲಕಕ್ಕೆ ಹಚ್ಚಬೇಕು. ಯಾವ ಕ್ಲಬ್ಬಿಗೂ, ಟ್ರಸ್ಟಿಗೂ, ಕಂಪನಿಗೂ ಸಾರ್ವಜನಿಕ ಮೈದಾನವನ್ನು ಗೇಣಿಗೆ ಕೊಡುವುದಿಲ್ಲವೆಂದು ಠರಾವು ಮಾಡಬೇಕು. ಕ್ಲಬ್ಬಿನವರು ಆಡಬೇಕೆಂದರೆ ಇಂತಿಷ್ಟು ತಾಸು, ಇಂತಿಷ್ಟು ಬಾಡಿಗೆ ಎಂದು ಗೊತ್ತುಪಡಿಸಿ ಆಡಲು ಬಿಡಲಿ. ಕೀಲಿಕೈ ಮಾತ್ರ ಊರವರ ಕೈಯಲ್ಲಿರಲಿ. ಬಂದ ಬಾಡಿಗೆಯಿಂದ ನೀರು, ದೀಪ, ಹೆಣ್ಣುಮಕ್ಕಳಿಗೆ ಶೌಚಾಲಯ ಮಾಡಿಸಲಿ. ಹಳ್ಳಿಗಳವರೂ ಎಚ್ಚರಿರಬೇಕು. ನೂರು ದನಗಳಿಗೆ ೧೨ ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ ಗಾಯರಾಣ ಇರಬೇಕೆಂದು ೧೯೬೬ರ ಭೂಕಂದಾಯ ನಿಯಮಗಳಲ್ಲಿದೆ. ನಿಮ್ಮ ಊರಿನಲ್ಲಿ ದನವೆಷ್ಟು, ಗಾಯರಾಣವೆಷ್ಟು ಎಂದು ಗ್ರಾಮಸಭೆಯಲ್ಲಿ ಕೇಳಿರಿ.

ಸಂಘಟನೆಯಿಲ್ಲದೆ ಇದು ಆಗದು. ಕುಸನೂರಿನವರು ಸಸಿ ಕೀಳುವ ಮೊದಲು ಊರೂರು ತಿರುಗಿ ಜನರನ್ನು ಕೂಡಿಸಿದ್ದರು. ಸೌತಾಲಿನ ಮಗ್ಗುಲಿನವರು ಸೋತ ಮೇಲೆಯೂ ಬಿಡದೆ ನಿಂತರು. ಗಿರಣಿಯ ಸಂಘ, ಹಮಾಲರ ಸಂಘ, ವ್ಯಾಪಾರಿಗಳ ಸಂಘ, ಶಾಲೆಯ ಶಿಕ್ಷಕರು, ಎಲ್ಲರೂ ಒಂದೇ ಅರ್ಜಿಗೆ ಸಹಿ ಹಾಕಿದರೆ ಯಾವ ಸದಸ್ಯನೂ ಅದನ್ನು ಕಸದ ಬುಟ್ಟಿಗೆ ಹಾಕಲಾರ. ನಿಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕಂಡು ಕೇಳಿರಿ: ನಮ್ಮ ಬಯಲು ಪಟ್ಟಿಯಲ್ಲಿದೆಯೊ ಇಲ್ಲವೊ? ತಡ ಮಾಡಬೇಡಿ. ಬಯಲು ಹೋದ ಮೇಲೆ ಪ್ರತಿಭಟನೆಯ ಸಭೆ ಕರೆಯಬೇಕೆಂದರೂ ಊರಿನಲ್ಲಿ ಜಾಗವಿರುವುದಿಲ್ಲ.