ಅರ್ಧಕ್ಕೆ ನಿಂತ ಕೌದಿ

ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಪಕ್ಷಿಗಳಿಗೆಂದೇ ಕಾಪಿಟ್ಟಿರುವ ಕೆರೆಯ ಆಸುಪಾಸಿನ ವಸತಿಗಳಲ್ಲಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಉದ್ಯೋಗನಿಮಿತ್ತವಾಗಿ ಬಂದು ನೆಲೆಸಿದ ಕುಟುಂಬಗಳಿವೆ. ಅಂಥ ಮನೆಗಳ ಸಜ್ಜೆಯ ಮೇಲೆ, ಹಿತ್ತಾಳೆಯ ಪಾತ್ರೆಗಳಿಗೂ ಹಳೆಯ ಪಠ್ಯಪುಸ್ತಕಗಳಿಗೂ ನಡುವೆ, ಅರ್ಧ ಹೊಲಿದು ಸುತ್ತಿಟ್ಟ ಕೌದಿಯೊಂದು ಇರುವುದುಂಟು. ದೀಪಾವಳಿಗೆ ಮುನ್ನ ಮನೆಯ ಧೂಳು ಹೊಡೆಯುವಾಗ ಅದು ಕೆಳಗಿಳಿಯುತ್ತದೆ. ಯಾರೋ ಬಿಚ್ಚಿ ನೋಡಿ ನಿಟ್ಟುಸಿರಿಟ್ಟ ಮೇಲೆ ಮತ್ತೆ ಮೇಲೇರುತ್ತದೆ, ಇಲ್ಲವೇ ಒಣಕಸದ ಚೀಲವನ್ನು ಸೇರುತ್ತದೆ. ಈ ಎರಡನೆಯ ಗತಿ ಅನ್ಯಾಯವೆಂದೂ, ಅಂಥ ಕೌದಿಯನ್ನು ಮುಗಿಸುವ ಅಧಿಕಾರ ಈಗ ಮನೆಯಲ್ಲಿರುವವರಿಗೆ ನಿಸ್ಸಂದೇಹವಾಗಿ ಉಂಟೆಂದೂ ನಾನು ನಂಬುತ್ತೇನೆ.

ನಮ್ಮ ಮನೆಯ ಕೌದಿಯನ್ನು ಆರಂಭಿಸಿದವರು ನಮ್ಮ ಅತ್ತೆಯವರು. ಹನ್ನೆರಡು ಅಂಗುಲದ ಚೌಕಗಳು. ಒಂದರಲ್ಲಿ ಮುಕ್ಕೋನಗಳು ಕೂಡಿದ ನಕ್ಷತ್ರ, ಇನ್ನೊಂದರಲ್ಲಿ ಮೆಟ್ಟಿಲು, ಮತ್ತೊಂದರಲ್ಲಿ ಪಗಡೆಯ ಹಾಸು. ಕಲಿಯುವ ಸಲುವಾಗಿಯೇ ಚೌಕಕ್ಕೊಂದು ಮಾದರಿಯನ್ನಿಟ್ಟು ಹೊಲಿಯುವ ಈ ಕ್ರಮ ಅವರಿಗೆ ಹೊರನಾಡಿನ ಪುಸ್ತಕವೊಂದರಿಂದ ಬಂದದ್ದು. ಬಟ್ಟೆ ಮಾತ್ರ ಅಪ್ಪಟ ನಮ್ಮ ಸೀಮೆಯದು. ಇಳಕಲ್ ಸೀರೆಯ ಸವೆದ ಒಡಲು, ಗುಳೇದಗುಡ್ಡದ ಖಣದಲ್ಲಿ ಕುಪ್ಪಸಕ್ಕೆ ಕತ್ತರಿಸಿ ಉಳಿದ ಚೂರು, ಮಾವನವರ ಧೋತರ. ಕೊನೆಯ ಚೌಕದ ಅಂಚಿನಲ್ಲಿ ಚುಚ್ಚಿಟ್ಟ ಸೂಜಿ ತುಕ್ಕು ಹಿಡಿದು ತನ್ನ ಉದ್ದಕ್ಕೂ ಕಂದು ಗೆರೆಯೊಂದನ್ನು ಬಟ್ಟೆಯಲ್ಲಿ ಮೂಡಿಸಿದೆ. ಅದರ ಕಣ್ಣಿನಲ್ಲಿ ಗೇಣುದ್ದದ ಕೆಂಪು ದಾರ ಇನ್ನೂ ಇದೆ.

ಇಂಥದನ್ನು ಮರಳಿ ಕೈಗೆತ್ತಿಕೊಳ್ಳಲು ಹಿಂಜರಿಯುವವರು ಹೇಳುವ ಕಾರಣ ಸಾಮಾನ್ಯವಾಗಿ ಒಂದೇ: ಆ ಕೈ ಬೇರೆ, ಈ ಕೈ ಬೇರೆ, ಹೊಲಿಗೆ ಹೊಂದುವುದಿಲ್ಲ. ಹೊಂದದೆಂಬುದು ನಿಜ. ಆದರೆ ಕೌದಿಯು ಎಂದಾದರೂ ಒಂದೇ ಕೈಯ ಸೃಷ್ಟಿಯಾಗಿತ್ತೆ? ಉತ್ತರ ಕರ್ನಾಟಕದ ಪಡಸಾಲೆಗಳಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಅತ್ತೆ, ಸೊಸೆ, ನೆರೆಮನೆಯಾಕೆ, ಲಂಗ ತೊಟ್ಟ ಹುಡುಗಿ ಒಂದೊಂದು ಬದಿಗೆ ಕುಳಿತು ಹೊಲಿದದ್ದೇ ಕೌದಿ. ಮೊಳದ ದೂರದಲ್ಲಿ ಹೊಲಿಗೆ ದಟ್ಟವಾಗುವುದನ್ನೂ ವಿರಳವಾಗುವುದನ್ನೂ ಕಂಡು, ಇದು ಇಂಥವಳದು, ಅದು ಅಂಥವಳದು ಎಂದು ಬೆರಳಿಟ್ಟು ತೋರಿಸುತ್ತಿದ್ದರೇ ಹೊರತು ಅದನ್ನು ದೋಷವೆಂದು ಯಾರೂ ಎಣಿಸಿದಂತಿಲ್ಲ.

ಈ ವಿಷಯದಲ್ಲಿ ನಮಗೆ ಹೆಚ್ಚು ಕಲಿಸಬಲ್ಲವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಸ್ತ್ರೀಯರು. ಆಫ್ರಿಕಾದ ಮೂಲದ ಈ ಜನರನ್ನು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯಮಾಡಲಾಯಿತು. ಅವರ ಕೌದಿಗಳಾದ ಕವಂದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಭ್ಯಸಿಸಿ, 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿರಿಸಿದರು. ಕವಂದಿಯಲ್ಲಿ ಮೊದಲು ಚೌಕಗಳನ್ನು ಮಾಡಿ ಆಮೇಲೆ ಜೋಡಿಸುವ ಕ್ರಮವಿಲ್ಲ. ಅಡಿಗೆ ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಹೊರಟು, ತುಂಡಿನ ಅಂಚನ್ನು ಒಳಕ್ಕೆ ಮಡಚಿ ಹೊಲಿಯುತ್ತ, ಹೊರ ಅಂಚಿನ ಸುತ್ತ ಒಂದು ಬಳಸು ಬಂದು, ಅದರ ಒಳಗೆ ಇನ್ನೊಂದು ಬಳಸು ಬಂದು, ಹೀಗೆ ಸುತ್ತುತ್ತಲೇ ನಡುವಿಗೆ ಸೇರುವುದು ಅವರ ಪದ್ಧತಿ. ಆದುದರಿಂದ ಯಾವ ದಿನ ನಿಲ್ಲಿಸಿದರೂ, ಮರುದಿನ ಯಾರು ಬಂದು ಕುಳಿತರೂ, ಎಲ್ಲಿಂದ ಮುಂದುವರಿಸಬೇಕೆಂಬುದನ್ನು ಬಟ್ಟೆಯೇ ಹೇಳುತ್ತದೆ. ನಡುವನ್ನು ಮುಚ್ಚುವ ಮುನ್ನ ಕವಂದಿಯ ಹೊಟ್ಟೆ ಬರಿದಾಗಿರಬಾರದೆಂದು ಕೆಲವರು ನಾಲ್ಕು ಕಾಳು ಅಕ್ಕಿಯನ್ನಿಡುವುದುಂಟು. ನಾಲ್ಕು ಮೂಲೆಗಳಿಗೆ ಮುಕ್ಕೋನವಾಗಿ ಮಡಚಿದ ಬಟ್ಟೆಯ ‘ಫೂಲ’ಗಳನ್ನಿಡದಿದ್ದರೆ ಕವಂದಿ ಬೆತ್ತಲೆಯೆಂದೇ ಅವರ ಭಾವನೆ. ಹೀಗೆ ಮುಗಿತಾಯದ ವಿಧಿಯನ್ನು ಇಷ್ಟು ಆದರದಿಂದ ಪಾಲಿಸುವ ಜನರಿಗೆ, ಅರ್ಧಕ್ಕೆ ನಿಂತ ಕೆಲಸವು ಕಾಯುತ್ತಿರುವ ಕೆಲಸವೇ ಹೊರತು ಕೆಟ್ಟ ಕೆಲಸವಲ್ಲ.

ಮರಳಿ ಆರಂಭಿಸುವವರು ಮೊದಲು ಮಾಡಬೇಕಾದುದು ಹೊಲಿಗೆಯಲ್ಲ, ಪರೀಕ್ಷೆ. ಬಹುಕಾಲ ಮಡಿಸಿಟ್ಟ ಹತ್ತಿಬಟ್ಟೆ ಮಡಿಕೆಯ ಗೆರೆಯಲ್ಲಿಯೇ ಹಳದಿಯಾಗಿ ಸೀಳುತ್ತದೆ. ಅಂಥ ತುಂಡನ್ನು ಹಿಂದಿನಿಂದ ತೆಳುವಾದ ಮಲ್ಲಿನ ತೇಪೆಯಿಟ್ಟು ಬಲಪಡಿಸಬೇಕು. ತುಕ್ಕಿನ ಕಲೆಗೆ ನಿಂಬೆಯ ರಸವನ್ನೂ ಉಪ್ಪನ್ನೂ ಹಚ್ಚಿ ಬಿಸಿಲಿಗಿಡಬಹುದು, ಆದರೆ ಬಣ್ಣದ ಬಟ್ಟೆಯಾದರೆ ಮೂಲೆಯೊಂದರಲ್ಲಿ ಪರೀಕ್ಷಿಸದೆ ಹಚ್ಚಬಾರದು. ಹೊಸದಾಗಿ ಸೇರಿಸುವ ಬಟ್ಟೆಯನ್ನು ಒಗೆದು ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಒಗೆತಕ್ಕೆ ಹೊಸ ಚೌಕ ಕುಗ್ಗಿ, ಎಂದೋ ಕುಗ್ಗಿ ಮುಗಿದ ಹಳೆಯ ಚೌಕ ಅದರ ಪಕ್ಕದಲ್ಲಿ ನಿರಿಗೆಗಟ್ಟುತ್ತದೆ. ಹಳೆಯ ಹೊಲಿಗೆಯನ್ನು ಬಿಚ್ಚುವುದನ್ನಂತೂ ನಾನು ಒಪ್ಪಲಾರೆ. ಅತ್ತೆಯವರ ನಕ್ಷತ್ರದ ಒಂದು ತುದಿ ಕಾಲು ಅಂಗುಲ ಓರೆಯಾಗಿದೆ. ಅದು ಹಾಗೆಯೇ ಇರಲಿ. ನಮ್ಮ ಅಚ್ಚುಕಟ್ಟುತನದ ಹೆಸರಿನಲ್ಲಿ ಅವರ ಕೈಯನ್ನು ಅಳಿಸುವುದಾದರೆ ಆ ಕೌದಿಗೆ ಮರಳುವ ಅಗತ್ಯವೇ ಇರಲಿಲ್ಲ, ಅಂಗಡಿಯ ರಜಾಯಿಯನ್ನು ಕೊಂಡುತರಬಹುದಾಗಿತ್ತು.

ಕಣ್ಣು ಮಂಜಾದವರು, ದುಡಿಮೆಯಿಂದ ಬಿಡುವಿಲ್ಲದವರು ತಾವೇ ಹೊಲಿಯಬೇಕೆಂದು ನಾನು ಹೇಳುವುದಿಲ್ಲ. ಕೌದಿ ಹೊಲಿದೇ ಬದುಕುವ ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಊರಿಗೆ ಹೋಗುವಾಗ ಗಂಟನ್ನು ಒಯ್ದು ಅವರ ಕೈಗೆ ಕೊಡಬಹುದು. ಆದರೆ ಕೂಲಿಯ ಮಾತು ಬಂದಾಗ, ಹಳೆಯ ಬಟ್ಟೆಯ ಕೆಲಸವಲ್ಲವೇ ಎಂದು ಚೌಕಾಸಿಗಿಳಿಯುವ ಅಭ್ಯಾಸವನ್ನು ನಾವು ಬಿಡಲೇಬೇಕು. ದಪ್ಪ ಪದರಗಳ ಮೂಲಕ ದಿನವಿಡೀ ಸೂಜಿ ತೂರಿಸುವವಳ ಹೆಬ್ಬೆರಳಿನ ತುದಿ ಎಷ್ಟು ಗಡುಸಾಗಿರುತ್ತದೆಂಬುದನ್ನು ಒಮ್ಮೆ ಮುಟ್ಟಿ ನೋಡಿದವರು ದರವನ್ನು ಇಳಿಸಲು ಬಾಯಿ ತೆರೆಯಲಾರರು.

ಪುಷ್ಯದ ಚಳಿಗೆ ಇನ್ನೂ ಅವಕಾಶವಿದೆ. ಓದುಗರು ಈ ಭಾನುವಾರ ಸಜ್ಜೆಯ ಮೇಲಿನ ಗಂಟನ್ನು ಇಳಿಸಿ, ಬಿಸಿಲಿಗೆ ಹರವಿ, ಮನೆಯ ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಯಾವ ತುಂಡು ಯಾರ ಉಡುಪಿನದೆಂಬುದನ್ನು ಹೇಳುತ್ತ ಒಂದು ಸಾಲಾದರೂ ಹೊಲಿಯಬೇಕೆಂದು ಕೇಳಿಕೊಳ್ಳುತ್ತೇನೆ.