ಜಲ ಕಾಯ್ದೆ: ಚರ್ಚೆಯಿಲ್ಲದೆ ಒಪ್ಪಿಗೆ ಸಲ್ಲದು

ನೀರು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಆದ್ದರಿಂದಲೇ 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ತಾನಾಗಿ ರಚಿಸಲಿಲ್ಲ. ಸಂವಿಧಾನದ 252ನೆಯ ವಿಧಿಯಂತೆ ಹನ್ನೆರಡು ರಾಜ್ಯಗಳು ನಿರ್ಣಯ ಅಂಗೀಕರಿಸಿ ಕೋರಿದ ಬಳಿಕವೇ ಅದು ಜಾರಿಗೆ ಬಂತು. ಆ ಹನ್ನೆರಡರಲ್ಲಿ ಕರ್ನಾಟಕವೂ ಒಂದು. 2024ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶ ಮತ್ತು ರಾಜಸ್ಥಾನಗಳ ಕೋರಿಕೆಯ ಮೇರೆಗೆ ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದಿತು. ಇತರ ರಾಜ್ಯಗಳಿಗೆ ಅದು ಅನ್ವಯವಾಗಲು ಅಲ್ಲಿನ ವಿಧಾನಮಂಡಲದ ಒಪ್ಪಿಗೆ ಬೇಕು.

ಒಪ್ಪಿಗೆ ನೀಡುವುದೆಂದರೆ ಏನನ್ನು ಒಪ್ಪಿದಂತಾಗುತ್ತದೆ? ಹೊಳೆಗೆ, ಬಾವಿಗೆ ವಿಷಕಾರಿ ತ್ಯಾಜ್ಯ ಹರಿಯಬಿಟ್ಟವರಿಗೆ ಮೂಲ ಕಾಯ್ದೆಯಲ್ಲಿ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಸೆರೆವಾಸವಿತ್ತು. ಈಗ ಅದರ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ. ಕೆಲವು ಬಗೆಯ ಉದ್ದಿಮೆಗಳಿಗೆ ಮಂಡಳಿಯ ಪೂರ್ವಾನುಮತಿಯಿಂದ ವಿನಾಯಿತಿ ನೀಡುವ ಅಧಿಕಾರ ಕೇಂದ್ರಕ್ಕೆ ದೊರೆತಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷರನ್ನು ನಾಮಕರಣ ಮಾಡುವ ವಿಧಾನವನ್ನೂ ಕೇಂದ್ರವೇ ನಿಗದಿಪಡಿಸುತ್ತದೆ. ವಿಪರ್ಯಾಸವೆಂದರೆ, ಅನುಮತಿಯಿಲ್ಲದೆ ಕಾರ್ಖಾನೆ ನಡೆಸಿದವರಿಗೆ ಜೈಲು ಶಿಕ್ಷೆ ಹಾಗೆಯೇ ಉಳಿದಿದೆ. ನೀರಿಗೆ ವಿಷ ಬೆರೆಸಿದವರಿಗೆ ಮಾತ್ರ ಅದು ತಪ್ಪಿದೆ!

ಸಣ್ಣಪುಟ್ಟ ಲೋಪಗಳಿಗೆ ಉದ್ಯಮಿಗಳು ಜೈಲಿನ ಭೀತಿಯಲ್ಲಿ ಬದುಕಬಾರದು ಎಂಬುದು ಸರಕಾರದ ವಾದ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಿಂತ ತ್ವರಿತ ದಂಡವೇ ಪರಿಣಾಮಕಾರಿ ಎಂಬ ಮಾತೂ ವಿಚಾರಾರ್ಹ. ಜೈಲು ಶಿಕ್ಷೆಯ ಕಾನೂನು ಇದ್ದಾಗಲೇ ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆಯುಕ್ಕಿ ಹೊತ್ತಿ ಉರಿದಿತ್ತಲ್ಲವೇ? ಆದರೆ ಕಾನೂನನ್ನು ಪ್ರಯೋಗಿಸದಿರುವುದು ರೋಗವಾದರೆ, ಕಾನೂನನ್ನೇ ಸಡಿಲಿಸುವುದು ಮದ್ದಾಗಲಾರದು. ಕಾಗದಪತ್ರದ ಲೋಪವನ್ನೂ ಕುಡಿಯುವ ನೀರನ್ನು ಕೆಡಿಸುವ ಕೃತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗೆ 15 ಲಕ್ಷವು ಶಿಕ್ಷೆಯಲ್ಲ, ಬರಿಯ ಖರ್ಚು. ಕ್ಯಾನ್ ನೀರು ಕೊಳ್ಳಲಾಗದ ಕುಟುಂಬಕ್ಕಾದರೋ ಕೆಟ್ಟ ಬಾವಿಗೆ ಬದಲಿಯೇ ಇಲ್ಲ.

ಮಂಡಳಿಗಳು ಬಲವಾಗಬೇಕಾದ ಕಾಲವಿದು. ಪರಿಸರ ಹಾನಿಗೆ ಪರಿಹಾರ ವಸೂಲು ಮಾಡುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗಿದೆ ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಈ ಅಧಿಕಾರ ಚಲಾಯಿಸಲು ಬೇಕಿರುವುದು ಸ್ವತಂತ್ರ ಮನೋಭಾವದ ಅಧ್ಯಕ್ಷರು, ಸಾಕಷ್ಟು ಸಿಬ್ಬಂದಿ ಮತ್ತು ಪ್ರಯೋಗಾಲಯಗಳು. ಇವುಗಳತ್ತ ಗಮನ ಹರಿಸದೆ ಶಿಕ್ಷೆಯನ್ನಷ್ಟೇ ಇಳಿಸಿದರೆ ಲಾಭ ಯಾರಿಗೆ?

252ನೆಯ ವಿಧಿಯ ಇನ್ನೊಂದು ಮುಖವನ್ನು ಶಾಸಕರು ಮರೆಯಬಾರದು. ಹೀಗೆ ಒಪ್ಪಿಕೊಂಡ ಕಾಯ್ದೆಯನ್ನು ರಾಜ್ಯ ಶಾಸಕಾಂಗವು ತಾನಾಗಿ ತಿದ್ದುವಂತಿಲ್ಲ, ರದ್ದುಪಡಿಸುವಂತಿಲ್ಲ. ಅದಕ್ಕೆ ಮತ್ತೆ ಸಂಸತ್ತೇ ಮುಂದಾಗಬೇಕು. ಗದ್ದಲದ ನಡುವೆ ಧ್ವನಿಮತದಿಂದ ಕೊಟ್ಟ ಒಪ್ಪಿಗೆ ಮುಂದಿನ ತಲೆಮಾರುಗಳನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ಇಂಥ ನಿರ್ಣಯ ಯಾವುದೇ ಸದನದ ಮುಂದೆ ಬಂದರೂ ಅದರ ಪ್ರತಿಯೊಂದು ಕಲಮಿನ ಮೇಲೂ ಚರ್ಚೆ ನಡೆಯಬೇಕು. ನದಿದಡದ ಜನರ, ರೈತರ, ಮೀನುಗಾರರ ಅಹವಾಲು ಕೇಳಬೇಕು. ಮತ ಕೇಳಲು ಮನೆ ಬಾಗಿಲಿಗೆ ಬರುವ ಪ್ರತಿನಿಧಿಯನ್ನು ರಸ್ತೆ, ಚರಂಡಿಗಳ ಬಗ್ಗೆ ಪ್ರಶ್ನಿಸುವ ನಾವು, ನಮ್ಮ ನಲ್ಲಿಯ ನೀರನ್ನು ಕಾಯುವ ಕಾನೂನಿನ ಬಗ್ಗೆಯೂ ಅವರ ನಿಲುವೇನೆಂದು ಕೇಳಲೇಬೇಕು.